ಮೊದಲು ಮೋಟಾರ್ ಅಳೆಯಿರಿ, ಆಮೇಲೆ ಡಿಕೋಡರ್ ಕೊಳ್ಳಿ

ಮನೆಯಲ್ಲಿ ಮಾದರಿ ರೈಲು ಓಡಿಸುವವರಿಗೆ ಒಂದೇ ಎಂಜಿನ್ ಇರುವವರೆಗೆ ಯಾವ ತಕರಾರೂ ಇಲ್ಲ. ಕಂಟ್ರೋಲರಿನ ನಾಬ್ ತಿರುಗಿಸಿದರೆ ಹಳಿಗೆ ಸೊನ್ನೆಯಿಂದ 12 ವೋಲ್ಟಿನವರೆಗೆ ಡಿಸಿ ಕರೆಂಟ್ ಬರುತ್ತದೆ. ವೋಲ್ಟ್ ಏರಿದಷ್ಟೂ ವೇಗ ಹೆಚ್ಚು. ಪ್ಲಸ್ ಮೈನಸ್ ಅದಲುಬದಲಾದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಎರಡನೇ ಎಂಜಿನ್ ಬಂದ ದಿನವೇ ತೊಡಕು ಶುರು. ಹಳಿಗೆ ಕರೆಂಟ್ ಕೊಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ನಿಲ್ಲಿಸಿದರೆ ಎರಡೂ ನಿಲ್ಲುತ್ತವೆ. ಇದಕ್ಕೆ ಹಳೆಯ ಕಾಲದ ಪರಿಹಾರವೆಂದರೆ ಹಳಿಯನ್ನು ಅಲ್ಲಲ್ಲಿ ಕತ್ತರಿಸಿ ಬೇರೆ ಬೇರೆ ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದೊಂದು ಸ್ವಿಚ್ ಕೂರಿಸುವುದು. ಆಗ ಕಣ್ಣು ರೈಲಿನ ಮೇಲಿರುವುದಕ್ಕಿಂತ ಸ್ವಿಚ್ಚುಗಳ ಮೇಲೇ ಹೆಚ್ಚು ಇರಬೇಕಾಗುತ್ತದೆ.

ಹಳಿಯನ್ನು ಬಿಟ್ಟು ಎಂಜಿನ್ನಿಗೇ ನೇರವಾಗಿ ಆಜ್ಞೆ ಕೊಡುವ ಯೋಚನೆ ಇಂದು ನಿನ್ನೆಯದಲ್ಲ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಅಸ್ಟ್ರಾಕ್ ಎಂಬ ವ್ಯವಸ್ಥೆ ತಂದಿತ್ತು. 1979ರಲ್ಲಿ ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ ಝೀರೋ ಒನ್ ಎಂಬ ಹೆಸರಿನಲ್ಲಿ 16 ಎಂಜಿನ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡುವ ಉಪಕರಣ ಮಾರಿತು. 80ರ ದಶಕದಲ್ಲಿ ಜರ್ಮನಿಯ ಬೆರ್ನ್ಟ್ ಲೆನ್ಸ್ ರೂಪಿಸಿದ ವಿಧಾನವೇ ಇವತ್ತಿನ ಡಿಸಿಸಿಯ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲಿನ, ಬುನಾದಿ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಇದನ್ನು ಆಧಾರವಾಗಿಟ್ಟುಕೊಂಡು 90ರ ದಶಕದ ಮೊದಲರ್ಧದಲ್ಲಿ ಎಲ್ಲರೂ ಪಾಲಿಸಬಹುದಾದ ಮಾನದಂಡ ರೂಪಿಸಿತು. ಈ ಹವ್ಯಾಸದ ಚರಿತ್ರೆಯಲ್ಲಿ ಇಷ್ಟು ಉಪಕಾರ ಮಾಡಿದ ತೀರ್ಮಾನ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ವಿಯೆನ್ನಾದ ಝಿಮೋ ಕಂಪನಿಯ ಡಿಕೋಡರ್, ಅಂದರೆ ಎಂಜಿನ್ನಿನೊಳಗೆ ಕೂತು ಆಜ್ಞೆ ಬಿಡಿಸುವ ಪುಟ್ಟ ಬೋರ್ಡು, ಫ್ಲಾರಿಡಾದ ಡಿಜಿಟ್ರ್ಯಾಕ್ಸ್ ಕಂಪನಿಯ ಕಂಟ್ರೋಲರಿನ ಮಾತು ಕೇಳುವುದು ಆ ಮಾನದಂಡದ ಬಲದಿಂದಲೇ.

ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎಚ್‌ಒ ಅಳತೆಯ ರೈಲಿಗೆ, ಅಂದರೆ ನಿಜದ ಎಂಜಿನ್ನಿನ 87ನೇ ಒಂದು ಪಾಲಿನಷ್ಟಿರುವ ಮಾದರಿಗೆ, ಸುಮಾರು 14ರಿಂದ 16 ವೋಲ್ಟ್. ಆದರೆ ಎರಡು ಹಳಿಗಳ ನಡುವೆ ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಬಾರಿ ತಿರುವುಮುರುವಾಗುತ್ತಿರುತ್ತದೆ. ಆ ತಿರುವಿನ ಅವಧಿಯಲ್ಲೇ ಸಂದೇಶ ಅಡಗಿದೆ: 58 ಮೈಕ್ರೊಸೆಕೆಂಡಿಗೊಮ್ಮೆ ತಿರುಗಿದರೆ ‘ಒಂದು’, 100 ಮೈಕ್ರೊಸೆಕೆಂಡ್ ಅಥವಾ ಇನ್ನೂ ನಿಧಾನವಾಗಿ ತಿರುಗಿದರೆ ‘ಸೊನ್ನೆ’. ಇಂಥ ‘ಒಂದು’, ‘ಸೊನ್ನೆ’ಗಳ ಸಾಲಿನಲ್ಲಿ ಮೊದಲು ಎಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಪ್ಪು ಪತ್ತೆಹಚ್ಚುವ ಒಂದು ತಾಳೆ ಸಂಖ್ಯೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಂದೇಶ ಹಳಿಯಲ್ಲಿ ಹರಿಯಬಲ್ಲವು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ಎಲ್ಲ ಮಕ್ಕಳಿಗೂ ಎಲ್ಲ ಹೆಸರೂ ಕೇಳಿಸುತ್ತದೆ, ಆದರೆ ತನ್ನ ಹೆಸರಿಗೆ ಮಾತ್ರ ಓಗೊಡುವುದು. ಡಿಕೋಡರ್ ಮಾಡುವುದೂ ಅಷ್ಟೇ. ತನ್ನ ವಿಳಾಸ ಬಂದಾಗ ಆಜ್ಞೆ ಬಿಡಿಸಿ, ಹಳಿಯ ಕರೆಂಟನ್ನೇ ಡಿಸಿಯಾಗಿ ಮಾರ್ಪಡಿಸಿ, ಮೋಟಾರಿಗೆ ಬೇಕಾದಷ್ಟನ್ನು ಅಳೆದು ಕೊಡುತ್ತದೆ. ದೀಪ, ಸದ್ದು ಎಲ್ಲವೂ ಅದರ ಸುಪರ್ದಿಯಲ್ಲೇ.

ಹೊಸಬರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ, “ಸರ್, ಯಾವ ಡಿಕೋಡರ್ ತಗೊಳ್ಳಲಿ?” ನಾನು ತಿರುಗಿ ಕೇಳುವುದು, “ನಿನ್ನ ಮೋಟಾರ್ ಎಷ್ಟು ಆಂಪ್ ಎಳೆಯುತ್ತೆ ನೋಡಿದೀಯಾ?” ಹೆಚ್ಚಿನವರು ನೋಡಿರುವುದಿಲ್ಲ. ಅಂಗಡಿಯ ಪಟ್ಟಿ ನೋಡುವ ಮೊದಲು ಮೇಜಿನ ಮೇಲಿರುವ ಎಂಜಿನ್ ನೋಡಬೇಕು ಎಂಬುದೇ ಈ ವಿಷಯದಲ್ಲಿ ನನ್ನ ಹಟ.

ಅಳೆಯುವುದು ಕಷ್ಟವೇನಲ್ಲ. ಮಾಮೂಲಿ ಡಿಸಿ ಕಂಟ್ರೋಲರಿನಿಂದ ಹಳಿಗೆ ಹೋಗುವ ಒಂದು ವೈರನ್ನು ಬಿಡಿಸಿ ನಡುವೆ ಮಲ್ಟಿಮೀಟರ್ ಸೇರಿಸಬೇಕು. ಕೆಂಪು ತಂತಿ ಮೀಟರಿನ 10 ಆಂಪ್ ತೂತಿನಲ್ಲಿರಲಿ. ಸಣ್ಣ ತೂತಿಗೆ ಹಾಕಿದರೆ ಮೀಟರಿನ ಫ್ಯೂಸ್ ಹೋದೀತು. ಹಳಿಗೆ 12 ವೋಲ್ಟ್ ಕೊಟ್ಟು, ಎಂಜಿನ್ನಿನ ಗಾಲಿ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿದು, ಎರಡು ಮೂರು ಸೆಕೆಂಡಿನಲ್ಲಿ ಓದಿಕೊಂಡು ಬಿಟ್ಟುಬಿಡಬೇಕು. ಹೆಚ್ಚು ಹೊತ್ತು ಹಿಡಿದರೆ ಮೋಟಾರಿನ ಸುರುಳಿ ಸುಡುತ್ತದೆ. ಹೀಗೆ ಸಿಗುವುದೇ ಸ್ಟಾಲ್ ಕರೆಂಟ್, ಮೋಟಾರ್ ಸಿಕ್ಕಿಹಾಕಿಕೊಂಡಾಗ ಎಳೆಯುವ ಗರಿಷ್ಠ ಕರೆಂಟ್. ಡಿಸಿಸಿಯಲ್ಲಿ ಹಳಿಯ ವೋಲ್ಟ್ ಇನ್ನೂ ಹೆಚ್ಚಿರುವುದರಿಂದ ಈ ಸಂಖ್ಯೆಗೆ ಸ್ವಲ್ಪ ಸೇರಿಸಿಕೊಂಡೇ ಲೆಕ್ಕ ಹಾಕಬೇಕು. ಎಚ್‌ಒ ಎಂಜಿನ್‌ಗಳ ಡಿಕೋಡರ್ ಸಾಮಾನ್ಯವಾಗಿ ಒಂದು ಆಂಪನ್ನು ಸತತವಾಗಿ, ಎರಡು ಆಂಪನ್ನು ಒಂದು ಕ್ಷಣಕ್ಕೆ ತಡೆಯುತ್ತದೆ. ಅದಕ್ಕಿಂತ ಪುಟ್ಟ ಎನ್ ಅಳತೆಯವು ಅರ್ಧದಿಂದ ಮುಕ್ಕಾಲು ಆಂಪ್. ಈಚಿನ ಮೋಟಾರುಗಳಿಗೆ ಇದು ಧಾರಾಳ ಸಾಕು. 30-40 ವರ್ಷ ಹಳೆಯ ಎಂಜಿನ್ನಿಗೆ ಸಾಕೋ ಸಾಲದೋ ಎಂದು ಮೀಟರೇ ಹೇಳಬೇಕು.

ಆಮೇಲೆ ಜಾಗ. ಎಂಜಿನ್ನಿನ ಮೇಲ್ಕವಚ ಬಿಚ್ಚಿ, ಉದ್ದ ಅಗಲ ಎತ್ತರ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರ ಮರೆಯುವವರೇ ಹೆಚ್ಚು. ಡಿಕೋಡರ್ ಬಿಸಿಯಾಗುವ ವಸ್ತು. ಮೋಟಾರಿನ ಮೇಲೆ ಅಂಟಿಕೊಂಡು ಕೂತರೆ ಅದರ ಬಿಸಿಯೂ ಸೇರುತ್ತದೆ. ಸುತ್ತ ಗಾಳಿಗೆ ಒಂದಿಷ್ಟು ಎಡೆ ಬೇಕು. ಡಿಕೋಡರಿಗೆ ಟೇಪು ಸುತ್ತಿ ಸುತ್ತಿ ಉಂಡೆ ಮಾಡುವುದು ಒಳ್ಳೆಯದಲ್ಲ.

ಈಚಿನ ಬಹುತೇಕ ಎಂಜಿನ್‌ಗಳಲ್ಲಿ ಡಿಕೋಡರ್ ಕೂರಿಸಲೆಂದೇ ಸಾಕೆಟ್ ಇರುತ್ತದೆ. ಎಚ್‌ಒದಲ್ಲಿ 8 ಪಿನ್ನಿನದು ಹಳೆಯ ಪರಿಚಯಸ್ಥ. ಅದರ ನಂತರ ಬಂದವು 21 ಪಿನ್ನಿನ ಎಂಟಿಸಿ ಮತ್ತು ಪ್ಲಕ್ಸ್ 22. ಪುಟ್ಟ ಎಂಜಿನ್‌ಗಳಿಗೆ 6 ಪಿನ್ ಮತ್ತು ನೆಕ್ಸ್ಟ್ 18. ಸಾಕೆಟ್ ಇದ್ದರೆ ಕೆಲಸ ಹತ್ತು ನಿಮಿಷದ್ದು: ಅದರಲ್ಲಿರುವ ಡಮ್ಮಿ ಪ್ಲಗ್ ಕಿತ್ತು ಡಿಕೋಡರ್ ಒತ್ತಿದರಾಯಿತು. 8 ಪಿನ್ನಿನದರಲ್ಲಿ ಒಂದನೇ ಪಿನ್ನಿನ ಗುರುತು ನೋಡಿಕೊಳ್ಳಬೇಕು. ತಿರುಗುಮುರುಗಾಗಿ ಚುಚ್ಚಿದರೂ ಎಂಜಿನ್ ಓಡುತ್ತದೆ, ಆದರೆ ದೀಪ ಉರಿಯುವುದಿಲ್ಲ. ಆ ಪಿನ್ನುಗಳ ಜೋಡಣೆಯನ್ನು ಹಾಗೆ ಯೋಚಿಸಿಯೇ ಮಾಡಿದ್ದಾರೆ. ಓಡುತ್ತದೆ, ದೀಪ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅನುಮಾನಿಸುವುದು ಪ್ಲಗ್ಗನ್ನೇ.

ನಿಜವಾದ ಕೆಲಸ ಇರುವುದು ಸಾಕೆಟ್ ಇಲ್ಲದ ಹಳೆಯ ಎಂಜಿನ್ನಿನಲ್ಲಿ. ಅಮೆರಿಕದ ಅಥರ್ನ್ ಕಂಪನಿಯ ‘ಬ್ಲೂ ಬಾಕ್ಸ್’ ಡೀಸೆಲ್ ಎಂಜಿನ್‌ಗಳನ್ನೇ ತೆಗೆದುಕೊಳ್ಳಿ. ನೀಲಿ ಡಬ್ಬಿಯಲ್ಲಿ ಬರುತ್ತಿದ್ದ, ಗಟ್ಟಿಮುಟ್ಟಾದ, ರಿಪೇರಿ ಸುಲಭವಾದ ಎಂಜಿನ್‌ಗಳು. ಡಿಕೋಡರ್ ಎಂಬುದು ಯಾರ ತಲೆಯಲ್ಲೂ ಇಲ್ಲದ ಕಾಲದ ವಿನ್ಯಾಸವಾದ್ದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಕವಚ ತೆಗೆದರೆ ಮೇಲ್ಗಡೆ ಎಂಜಿನ್ನಿನ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಕಾಣುತ್ತದೆ. ಒಂದು ಬದಿಯ ಗಾಲಿಗಳ ಕರೆಂಟ್ ಆ ಪಟ್ಟಿಯ ಮೂಲಕ ಮೋಟಾರಿನ ಮೇಲಿನ ಕ್ಲಿಪ್ಪಿಗೆ ಬರುತ್ತದೆ. ಇನ್ನೊಂದು ಬದಿಯ ಗಾಲಿಗಳ ಕರೆಂಟಿಗೆ ವೈರೇ ಇಲ್ಲ: ಲೋಹದ ಚಾಸಿಯೇ ವೈರು. ಮೋಟಾರಿನ ಕೆಳಗಿನ ಕ್ಲಿಪ್ಪಿನಿಂದ ಎರಡು ಪುಟ್ಟ ಕೊಂಡಿಗಳು ಕೆಳಕ್ಕೆ ಚಾಚಿ ಚಾಸಿಯನ್ನು ಮುಟ್ಟಿಕೊಂಡಿರುತ್ತವೆ. ಡಿಸಿ ಓಟಕ್ಕೆ ಇದು ಜಾಣ ಉಪಾಯ. ಡಿಕೋಡರಿಗೆ ಮಾತ್ರ ಇದು ಮೃತ್ಯು. ಡಿಕೋಡರಿನಿಂದ ಮೋಟಾರಿಗೆ ಹೋಗುವ ದಾರಿಯಲ್ಲಿ ಹಳಿಯ ಕರೆಂಟ್ ಒಂದು ಕೂದಲೆಳೆಯಷ್ಟು ತಗಲಿದರೂ ಅದರೊಳಗಿನ ಟ್ರಾನ್ಸಿಸ್ಟರುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಒಮ್ಮೆ ಸಣ್ಣ ಹೊಗೆ, ಕಮಟು ವಾಸನೆ, ಅಷ್ಟೇ. ಮೋಟಾರನ್ನು ಹಳಿಯಿಂದ ಪೂರ್ತಿ ಬೇರ್ಪಡಿಸುವುದು ಈ ಇಡೀ ಕೆಲಸದ ತಿರುಳು. ಉಳಿದದ್ದೆಲ್ಲ ವೈರುಗಳ ಬಣ್ಣ ನೋಡಿ ಜೋಡಿಸುವುದು.

ಹಾಗಾಗಿ ಮೋಟಾರನ್ನು ಚಾಸಿಯಿಂದ ಮೇಲೆತ್ತಿ ತೆಗೆಯಬೇಕು. ಕೆಳಗಿನ ಕ್ಲಿಪ್ ಬಿಚ್ಚುವಾಗ ಅದರಡಿ ಕಾರ್ಬನ್ ಬ್ರಷ್ಷೂ ಅದನ್ನು ಒತ್ತುವ ಸ್ಪ್ರಿಂಗೂ ಇರುತ್ತವೆಂಬುದು ನೆನಪಿರಲಿ. ಬೆರಳು ಸಡಿಲವಾದರೆ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಸೇರುತ್ತದೆ. ಕ್ಲಿಪ್ಪಿನ ಎರಡು ಕೊಂಡಿಗಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ಅರದಿಂದ ಉಜ್ಜಿ ಸಪಾಟು ಮಾಡಿ, ಡಿಕೋಡರಿನ ಒಂದು ಮೋಟಾರ್ ವೈರನ್ನು ಅದಕ್ಕೆ ಸೋಲ್ಡರ್ ಮಾಡಬೇಕು. ಕ್ಲಿಪ್ ಮೋಟಾರಿನಿಂದ ಹೊರಗಿರುವಾಗಲೇ ಇದನ್ನು ಮಾಡುವುದು ಮುಖ್ಯ, ಇಲ್ಲವಾದರೆ ಸೋಲ್ಡರ್ ಕಾವಿಗೆ ಮೋಟಾರಿನ ಪ್ಲಾಸ್ಟಿಕ್ ಕರಗುತ್ತದೆ. ಇನ್ನೊಂದು ಮೋಟಾರ್ ವೈರು ಮೇಲಿನ ಕ್ಲಿಪ್ಪಿಗೆ. ಮೇಲಿನ ಉಕ್ಕಿನ ಪಟ್ಟಿ ಇನ್ನು ಮೋಟಾರನ್ನು ಮುಟ್ಟಕೂಡದು. ಅದನ್ನು ತೆಗೆದು ಆ ಬದಿಯ ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ವೈರಿನಲ್ಲೇ ಸೇರಿಸುವುದು ನನಗೆ ಇಷ್ಟ. ಮೋಟಾರ್ ಕೂರುವ ಜಾಗದ ಚಾಸಿಗೆ ಕ್ಯಾಪ್ಟನ್ ಟೇಪು ಹಚ್ಚಿ, ಮೋಟಾರನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಬೇಕು. ಕಾವಿಗೆ ಜಗ್ಗದ ಕಂದು ಬಣ್ಣದ ಈ ತೆಳು ಟೇಪು, ಹೀಟ್ ಶ್ರಿಂಕ್ ಟ್ಯೂಬು, ರೆಸಿಸ್ಟರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಡಿಕೋಡರ್ ಮಾತ್ರ ಹೊರದೇಶದಿಂದ ಬರಬೇಕು. ಆದ್ದರಿಂದಲೇ ನಮ್ಮಲ್ಲಿ ಒಂದು ಸುಟ್ಟರೆ ಇನ್ನೊಂದು ಕೈಗೆ ಬರುವಷ್ಟರಲ್ಲಿ ವಾರಗಳು ಉರುಳುತ್ತವೆ.

ಉಳಿದ ವೈರುಗಳನ್ನು ಸೇರಿಸುವ ಮೊದಲು ಇನ್ನೊಂದು ಪರೀಕ್ಷೆ. ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗಿಟ್ಟು ಒಂದು ತುದಿಯನ್ನು ಮೋಟಾರಿನ ಒಂದು ಕ್ಲಿಪ್ಪಿಗೂ ಇನ್ನೊಂದು ತುದಿಯನ್ನು ಒಂದೊಂದೇ ಗಾಲಿಗೂ ಚಾಸಿಗೂ ಮುಟ್ಟಿಸಿ. ಎಲ್ಲಿಯೂ ಬೀಪ್ ಬರಬಾರದು. ಮೋಟಾರನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಕೆಲವೊಮ್ಮೆ ಒಂದು ಕೋನದಲ್ಲಿ ಮಾತ್ರ ಬಡಿದುಕೊಳ್ಳುತ್ತದೆ. ಮುಂದಿನ ದೀಪದ ಬಲ್ಬ್ ಕೂಡ ಈ ಹಳೆಯ ಎಂಜಿನ್‌ಗಳಲ್ಲಿ ಚಾಸಿಗೇ ಕಚ್ಚಿಕೊಂಡಿರುತ್ತದೆ. ಅದನ್ನೂ ಬಿಡಿಸಲೇಬೇಕು.

ವೈರಿನ ಬಣ್ಣಗಳನ್ನು ಎನ್‌ಎಂಆರ್‌ಎ ನಿಗದಿ ಮಾಡಿಬಿಟ್ಟಿರುವುದು ದೊಡ್ಡ ಅನುಕೂಲ. ಕೆಂಪು ಬಲಗಡೆಯ ಹಳಿಗೆ, ಕಪ್ಪು ಎಡಗಡೆಯ ಹಳಿಗೆ. ಬಲ ಎಡ ಎಂದರೆ ಎಂಜಿನ್ ಮುಂದಕ್ಕೆ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತವರ ಬಲ ಎಡ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಮೊದಲು ಬಲ ಹಳಿಗೆ ಸೇರಿದ್ದ ಕ್ಲಿಪ್ಪಿಗೆ ಕಿತ್ತಳೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ಎಲ್ಲ ದೀಪಗಳಿಗೂ ಸಮಾನವಾದ ಪ್ಲಸ್. ಎಲ್‌ಇಡಿ ಹಾಕುವುದಾದರೆ ನಡುವೆ 1,000 ಓಮ್ ರೆಸಿಸ್ಟರ್ ಇರಲೇಬೇಕು. ಕೆಲವು ಡಿಕೋಡರುಗಳಲ್ಲಿ ರೆಸಿಸ್ಟರ್ ಬೋರ್ಡಿನಲ್ಲೇ ಇರುತ್ತದೆ. ಜೊತೆಗೆ ಬರುವ ಚೀಟಿ ಓದಿ ಖಚಿತ ಮಾಡಿಕೊಳ್ಳುವುದು ಕ್ಷೇಮ.

ಕವಚ ಮುಚ್ಚುವ ಮೊದಲೇ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯ ಮೇಲೆ ಇಡಬೇಕು. ಮುಖ್ಯ ಹಳಿಗೆ ಸೇರದ, ಬೇರೆಯಾಗಿ ಇಟ್ಟುಕೊಂಡ ಒಂದು ಗೇಣುದ್ದದ ತುಂಡು ಸಾಕು. ಇಲ್ಲಿ ಕರೆಂಟ್ ತುಂಬ ಕಡಿಮೆ ಇರುವುದರಿಂದ ವೈರಿಂಗ್ ತಪ್ಪಿದ್ದರೂ ಡಿಕೋಡರ್ ಸುಡುವ ಭಯ ಕಡಿಮೆ. ಕಂಟ್ರೋಲರಿನಿಂದ ‘ವಿಳಾಸ ಏನು’ ಎಂದು ಕೇಳಿದಾಗ ಡಿಕೋಡರಿಗೆ ಮಾತಾಡಲು ಬೇರೆ ದಾರಿ ಇಲ್ಲ. ಮೋಟಾರಿಗೆ 6 ಮಿಲಿಸೆಕೆಂಡಿನಷ್ಟು ಹೊತ್ತು ಒಂದು ಸಣ್ಣ ಕರೆಂಟ್ ಬಿಟ್ಟು, ‘ಹೌದು’ ಎನ್ನುತ್ತದೆ. ಆಗ ಎಂಜಿನ್ ಕಂಡೂ ಕಾಣದಷ್ಟು ಅದುರುತ್ತದೆ. ಪರದೆಯ ಮೇಲೆ 3 ಎಂದು ಬಂದರೆ ಸೋಲ್ಡರಿಂಗ್ ಸರಿಯಾಗಿದೆ ಎಂದರ್ಥ, ಕಾರ್ಖಾನೆಯಿಂದ ಹೊರಡುವ ಡಿಕೋಡರುಗಳ ವಿಳಾಸ ಮೂರೇ. ಏನೂ ಬಾರದಿದ್ದರೆ ಮುಖ್ಯ ಹಳಿಯ ಮೇಲೆ ಇಟ್ಟು ನೋಡುವ ಆಸೆ ಬೇಡ. ಮತ್ತೆ ಮಲ್ಟಿಮೀಟರ್ ಹಿಡಿಯಿರಿ.

ಇನ್ನು ಯಾವ ಕಂಪನಿಯದು ಒಳ್ಳೆಯದು ಎಂಬ ಪ್ರಶ್ನೆ. ಜರ್ಮನಿಯ ಲೆನ್ಸ್, ಇಎಸ್‌ಯು, ಆಸ್ಟ್ರಿಯಾದ ಝಿಮೋ, ಅಮೆರಿಕದ ಸೌಂಡ್‌ಟ್ರ್ಯಾಕ್ಸ್, ಟಿಸಿಎಸ್, ಎನ್‌ಸಿಇ, ಎಲ್ಲವೂ ಹೆಸರು ಮಾಡಿದವೇ. ನಾನು ನೋಡುವುದು ಮೋಟಾರನ್ನು ಎಷ್ಟು ನಯವಾಗಿ ಆಡಿಸುತ್ತದೆ ಎಂಬುದನ್ನು. ಡಿಕೋಡರ್ ಮೋಟಾರಿಗೆ ಕರೆಂಟನ್ನು ಸತತವಾಗಿ ಕೊಡದೆ ತುಣುಕು ತುಣುಕಾಗಿ ಕೊಡುತ್ತದೆ. ಹಳೆಯ ಡಿಕೋಡರುಗಳಲ್ಲಿ ಈ ತುಣುಕುಗಳು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿದ್ದು ಮೋಟಾರ್ ಗುಂಯ್‌ಗುಡುತ್ತಿತ್ತು. ಈಗಿನವು ಸೆಕೆಂಡಿಗೆ 16 ಸಾವಿರಕ್ಕೂ ಮೇಲೆ, ಹೆಚ್ಚುಕಡಿಮೆ ಕಿವಿಗೆ ಕೇಳದ ಮಟ್ಟದಲ್ಲಿ ಕೊಡುತ್ತವೆ. ಅದರ ಜೊತೆಗೆ ಬ್ಯಾಕ್ ಇಎಂಎಫ್ ಎಂಬ ಚಮತ್ಕಾರವಿದೆ. ಕರೆಂಟ್ ಒಂದು ಕ್ಷಣ ನಿಂತಾಗ ಇನ್ನೂ ತಿರುಗುತ್ತಿರುವ ಮೋಟಾರ್ ತಾನೇ ಜನರೇಟರಿನಂತೆ ಒಂದಿಷ್ಟು ವೋಲ್ಟ್ ಹುಟ್ಟಿಸುತ್ತದೆ. ಡಿಕೋಡರ್ ಅದನ್ನು ಅಳೆದು ಮೋಟಾರಿನ ನಿಜವಾದ ವೇಗ ತಿಳಿದುಕೊಂಡು, ಏರಿನಲ್ಲಿ ಹೆಚ್ಚು, ಇಳಿಜಾರಿನಲ್ಲಿ ಕಡಿಮೆ ಕೊಡುತ್ತದೆ. ಉದ್ದನೆಯ ಗೂಡ್ಸ್ ಎಳೆದುಕೊಂಡು ಮಾದರಿ ಎಂಜಿನ್ ಒಂದೊಂದೇ ಸ್ಲೀಪರ್ ದಾಟುತ್ತಾ ತೆವಳುವುದನ್ನು ನೋಡಿದವರು ಈ ಗುಣಕ್ಕೆ ಬೆಲೆ ಕೊಡದೆ ಇರಲಾರರು. ಮೋಟಾರಿನ ಮೇಲೆ ರೇಡಿಯೊ ತೊಂದರೆ ತಡೆಯಲೆಂದು ಸೋಲ್ಡರ್ ಮಾಡಿದ ಕೆಪಾಸಿಟರ್ ಇದ್ದರೆ ಮಾತ್ರ ಈ ಅಳತೆ ಕೆಡುತ್ತದೆ. ಯೂರೋಪಿನ ಹಳೆಯ ಎಂಜಿನ್‌ಗಳು ಕುಂಟುತ್ತಾ ಓಡಿದರೆ ಅದೇ ಕಾರಣವಿರಬಹುದು.

ಸದ್ದು ಇರಬೇಕೇ? ದುಡ್ಡು ಒಂದಕ್ಕೇ ಸಾಲುವುದಾದರೆ ಸದ್ದಿಲ್ಲದ ಒಳ್ಳೆಯ ಡಿಕೋಡರನ್ನೇ ಆರಿಸಿ ಎನ್ನುತ್ತೇನೆ. ಆದರೆ ನಮ್ಮ ರೈಲುಗಳ ಮಾದರಿ ಮಾಡಿಕೊಳ್ಳುವವರಿಗೆ ಸದ್ದಿನಲ್ಲಿ ಒಂದು ಸಂತೋಷದ ಅವಕಾಶವಿದೆ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಕಾಣುವ ಡಬ್ಲ್ಯುಡಿಜಿ-4 ಎಂಜಿನ್ನಿನ ಹೃದಯ ಅಮೆರಿಕದ ಇಎಂಡಿ ಕಂಪನಿಯ 16 ಸಿಲಿಂಡರಿನ 710 ಡೀಸೆಲ್. ಅಮೆರಿಕದ ಎಸ್‌ಡಿ70 ಸರಣಿಯ ಎಂಜಿನ್‌ಗಳಲ್ಲಿರುವುದೂ ಅದೇ ಕುಟುಂಬದ ಡೀಸೆಲ್. ಹಾಗಾಗಿ ಆ ದೇಶದವರಿಗಾಗಿ ಮಾಡಿದ ಇಎಂಡಿ 710ರ ಧ್ವನಿ ಇಲ್ಲಿಯ ಕಿವಿಗೂ ಹೊಂದುತ್ತದೆ. ಒಂದು ಕಾಲದಲ್ಲಿ ನಾಡಿನ ಎಲ್ಲ ಮೂಲೆಗಳಿಗೂ ರೈಲು ಎಳೆದ ಡಬ್ಲ್ಯುಡಿಎಂ-2ರದು ಆಲ್ಕೊ 251. ಇಎಂಡಿ 710 ಟೂ ಸ್ಟ್ರೋಕ್, ಆಲ್ಕೊ 251 ಫೋರ್ ಸ್ಟ್ರೋಕ್. ಬಾಲ್ಯದಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತು ಆಲ್ಕೊದ ಗುಡುಗುಡು ಕೇಳಿದವರ ಕಿವಿಗೆ ಇನ್ನೊಂದರ ಸದ್ದು ಹಾಕಿ ನಂಬಿಸಲಾಗದು. ಆದ್ದರಿಂದ ಡಿಕೋಡರಿನ ಪೆಟ್ಟಿಗೆಯ ಮೇಲೆ ಬರೀ ‘ಡೀಸೆಲ್’ ಎಂದಿದ್ದರೆ ಸಾಲದು, ಯಾವ ಡೀಸೆಲ್ ಎಂದು ನೋಡಿಯೇ ಕೊಳ್ಳಬೇಕು. ಸ್ಪೀಕರ್ ಎಷ್ಟೇ ಒಳ್ಳೆಯದಿರಲಿ, ಅದರ ಬೆನ್ನಿಗೆ ಗಾಳಿಯಾಡದಂತೆ ಮುಚ್ಚಿದ ಪುಟ್ಟ ಡಬ್ಬಿ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಸದ್ದನ್ನು ಹಿಂದಿನ ಸದ್ದೇ ನುಂಗಿಹಾಕಿ ನೊಣ ಗುಂಯ್‌ಗುಟ್ಟಿದಷ್ಟೇ ಕೇಳಿಸುತ್ತದೆ.

ಹಳಿ ಕೊಳಕಾಗಿದ್ದರೆ ಕರೆಂಟ್ ತಪ್ಪಿ, ಎಂಜಿನ್ ಮುಗ್ಗರಿಸಿ, ಸದ್ದು ಮತ್ತೆ ಮೊದಲಿನಿಂದ ಶುರುವಾಗುವುದು ಕಿರಿಕಿರಿ. ಕೀಪ್ ಅಲೈವ್ ಎಂಬ ಕೆಪಾಸಿಟರ್ ಕಟ್ಟು ಇದನ್ನು ಒಂದಿಷ್ಟು ತಡೆಯುತ್ತದೆ. ಅದಕ್ಕೂ ಮೊದಲು ಎಂಜಿನ್ನಿನ ಎಲ್ಲ ಗಾಲಿಗಳೂ ಕರೆಂಟ್ ಹೀರುತ್ತಿವೆಯೇ ನೋಡಿ, ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ಡಿಕೋಡರ್ ಕೂತ ಮೇಲೆ ಅದನ್ನು ಪಳಗಿಸುವ ಕೆಲಸ. ಡಿಕೋಡರಿನೊಳಗಿನ ಒಂದೊಂದು ಗುಣಕ್ಕೂ ಒಂದೊಂದು ಸಂಖ್ಯೆಯ ಖಾನೆ ಇದೆ. ಅದಕ್ಕೆ ಸಿವಿ ಎನ್ನುತ್ತಾರೆ. ಸಿವಿ 2ರಲ್ಲಿ ಹೊರಡುವ ವೋಲ್ಟ್, 3ರಲ್ಲಿ ವೇಗ ಏರುವ ನಿಧಾನ, 4ರಲ್ಲಿ ನಿಲ್ಲುವ ನಿಧಾನ, 5ರಲ್ಲಿ ಗರಿಷ್ಠ ವೇಗ. ಮಾದರಿ ಎಂಜಿನ್‌ಗಳು ಸಾಮಾನ್ಯವಾಗಿ ನಿಜದ್ದಕ್ಕಿಂತ ಬಹಳ ಜೋರಾಗಿ ಓಡುತ್ತವೆ. ಡಬ್ಲ್ಯುಡಿಎಂ-2ರ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ.; ಎಚ್‌ಒ ಅಳತೆಯಲ್ಲಿ ಅದು ಒಂದು ಮೀಟರ್ ಹಳಿಯನ್ನು ಸುಮಾರು 2.6 ಸೆಕೆಂಡಿನಲ್ಲಿ ದಾಟಿದಂತೆ. ಗಡಿಯಾರ ಹಿಡಿದು ನೋಡಿ, ಸಿವಿ 5ನ್ನು ಇಳಿಸುತ್ತಾ ಬನ್ನಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅಗಲ, ಎಚ್‌ಒಗೆ ಇಳಿಸಿದರೆ 19 ಮಿ.ಮೀ. ಚಿಲ್ಲರೆ ಆಗಬೇಕಿತ್ತು, ಸಿಗುವ ಹಳಿ 16.5 ಮಿ.ಮೀ. ಅಗಲದಲ್ಲಿ ರಾಜಿ ಮಾಡಿಕೊಂಡವರು ವೇಗದಲ್ಲಾದರೂ ನಿಜಕ್ಕೆ ಹತ್ತಿರವಿರಬಹುದು.

ವಿಳಾಸಕ್ಕೆ ಎಂಜಿನ್ನಿನ ಸಂಖ್ಯೆಯನ್ನೇ ಕೊಡುವುದು ರೂಢಿ. ಡಿಸಿಸಿಯಲ್ಲಿ ವಿಳಾಸ 10239ರವರೆಗೆ ಮಾತ್ರ ಹೋಗುತ್ತದೆ. 12001 ಎಂಬ ಡಬ್ಲ್ಯುಡಿಜಿ-4ಕ್ಕೆ ಕೊನೆಯ ನಾಲ್ಕಂಕಿ 2001 ಇಟ್ಟುಕೊಳ್ಳಬಹುದು. ಕಂಟ್ರೋಲರ್ ತಾನೇ ಲೆಕ್ಕ ಮಾಡಿ ಬರೆಯುತ್ತದೆ. ಕೈಯಿಂದ ಬರೆಯಬೇಕಾದರೆ 2001ನ್ನು 256ರಿಂದ ಭಾಗಿಸಿ, ಭಾಗಲಬ್ಧ 7ಕ್ಕೆ 192 ಸೇರಿಸಿ 199ನ್ನು ಸಿವಿ 17ಕ್ಕೆ, ಶೇಷ 209ನ್ನು ಸಿವಿ 18ಕ್ಕೆ ಹಾಕಬೇಕು. ಸಿವಿ 29ರಲ್ಲಿ 38 ಬರೆದರೆ ಉದ್ದ ವಿಳಾಸ ಜಾರಿಗೆ ಬರುತ್ತದೆ. ಡಿಸಿ ಹಳಿಯ ಮೇಲೆ ಎಂದೂ ಓಡಿಸುವುದಿಲ್ಲ ಎನ್ನುವವರು 34 ಬರೆಯುವುದು ಉತ್ತಮ, ಆಗ ಹಳಿಯಲ್ಲಿ ಏನೋ ಎಡವಟ್ಟಾದಾಗ ಎಂಜಿನ್ ಅದನ್ನು ಡಿಸಿ ಎಂದು ತಿಳಿದು ಪೂರ್ತಿ ವೇಗದಲ್ಲಿ ಓಟ ಕೀಳುವುದಿಲ್ಲ.

ಈ ಸಂಖ್ಯೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಎಂಜಿನ್ನಿನ ಡಬ್ಬಿಯಲ್ಲಿಡಿ. ಕಂಪ್ಯೂಟರಿಗೆ ಜೋಡಿಸಿಕೊಂಡವರು ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶದ ಡಿಕೋಡರ್‌ಪ್ರೊದಲ್ಲಿ ಉಳಿಸಿಕೊಳ್ಳಬಹುದು. ಎಲ್ಲೋ ತಪ್ಪಿ ಎಂಜಿನ್ ಮಾತು ಕೇಳದಾದರೆ ಹೆಚ್ಚಿನ ಡಿಕೋಡರುಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತದೆ, ವಿಳಾಸವೂ ಮತ್ತೆ 3 ಆಗುತ್ತದೆ. ಆಗ ಗಡಿಯಾರ ಹಿಡಿದು ಹೊಂದಿಸಿದ ವೇಗವನ್ನೆಲ್ಲ ಆ ಚೀಟಿ ನೋಡಿ ಹತ್ತು ನಿಮಿಷದಲ್ಲಿ ಮತ್ತೆ ಬರೆದುಬಿಡಬಹುದು.